ಆನೆ ಹೋದ ಮೇಲೆ ಕೂಗಿದ ಸೈರನ್

ನನಗಾಗ ಅರವತ್ತೇಳು. ಅದಾಗಿ ಐದು ವರ್ಷ ಕಳೆಯಿತು. ಮೇಷ್ಟ್ರು ನನ್ನ ಹೋಟೆಲಿನ ಒಳಗೆ ತಲೆ ಬಗ್ಗಿಸಿ ಬಂದಾಗ ಅವರ ಹಣೆಯಲ್ಲಿ ಮೂರು ಪಟ್ಟೆ ವಿಭೂತಿ ಇತ್ತು. ಆ ಪಟ್ಟೆಗಳ ನಡುವೆ ಸರಿಯಾಗಿ, ಬೊಟ್ಟು ಇಟ್ಟ ಹಾಗೆ, ಒಂದು ಇಂಬಳ ಕಚ್ಚಿಕೊಂಡು ಕುಳಿತಿತ್ತು. ರಕ್ತ ಕುಡಿದು ದ್ರಾಕ್ಷಿಯಷ್ಟು ದಪ್ಪವಾಗಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಕೈ ಮುಗಿದು, "ಒಂದು ಮಾತು ಕೇಳ್ಲಾ ಅಕ್ಕಯ್ಯ? ಹಂದಿ ಬೇಯಿಸಿದ ಪಾತ್ರೇಲಿ ಬೇಯಿಸ್ದೆ ಇರೋದು ಏನಾರ ಸಿಕ್ತದಾ ಇಲ್ಲಿ?" ಎಂದರು. ಮೊದಲು ಹಣೆ ಕೊಡಿ ಎಂದು ನಾನು ಒಂದು ಚಿಟಿಕೆ ಉಪ್ಪು ಹಾಕಿದೆ. ಇಂಬಳ ಮೇಜಿನ ಮೇಲೆ ಬಿತ್ತು. ಮೇಷ್ಟ್ರು ಹೆದರಲಿಲ್ಲ, ಹೇಸಲಿಲ್ಲ. ಇಷ್ಟು ದಪ್ಪ ಆಗಬೇಕಾದರೆ ಇದು ಎಷ್ಟು ಹೊತ್ತಿನಿಂದ ಕುಡಿಯುತ್ತಿರಬೇಕು ಎಂದು ಕೇಳಿದರು. ಹುಟ್ಟಿದಾಗಿನಿಂದ ಇಂಬಳ ಕಿತ್ತು ಎಸೆಯುತ್ತಿದ್ದೇನೆ, ಆ ಪ್ರಶ್ನೆಯನ್ನು ಯಾರೂ ನನ್ನಲ್ಲಿ ಕೇಳಿರಲಿಲ್ಲ.

ಹೋಟೆಲು ಎಂದರೆ ದೊಡ್ಡದೇನಲ್ಲ. ಮೂರ್ನಾಡಿನಿಂದ ಒಳಗೆ, ಒಂದು ಕಾಫಿ ಎಸ್ಟೇಟಿನ ಗೇಟಿನ ಪಕ್ಕದಲ್ಲಿ ನಾಲ್ಕು ತಗಡು, ಎರಡು ಬೆಂಚು. ಬೆಳಗ್ಗೆ ಅಕ್ಕಿ ರೊಟ್ಟಿ, ಕಡಂಬಿಟ್ಟು ಅನ್ನುವ ಅಕ್ಕಿ ತರಿ ಉಂಡೆ, ಬೆಲ್ಲದ ಕಾಫಿ. ಭಾನುವಾರ ಹಂದಿ ಸಾರು. ಹಿಂದುಗಡೆ ಒಂದು ರೂಮು ಇದೆ. ಎಸ್ಟೇಟಿನ ಓನರ್ ಆ ರೂಮನ್ನು ಮೇಷ್ಟ್ರಿಗೆ ಬಾಡಿಗೆಗೆ ಕೊಡಿಸಿದರು. ನನ್ನನ್ನು ಕೇಳಲಿಲ್ಲ, ಹೇಳಿದರು.

ಮೇಷ್ಟ್ರು ಶನಿವಾರಸಂತೆ ಕಡೆಯವರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ರಿಟೈರ್ ಆದ ಮೇಲೆ ಸುಮ್ಮನೆ ಕೂರಲಾರದೆ, ಆನೆ ಬಂದರೆ ಕೂಗುವ ಸೈರನ್ ಮಾಡಿಕೊಡುತ್ತೇನೆ ಎಂದು ತೋಟ ತೋಟ ತಿರುಗುತ್ತಿದ್ದರು. ಯಾರೂ ನಂಬಿರಲಿಲ್ಲ. ನಮ್ಮ ಓನರ್ ನಂಬಿದರು ಎಂದಲ್ಲ. ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ.

ಅದಕ್ಕೆ ಕಾರಣ ಸೆಲ್ವಿ. ಕಾಫಿ ಕೊಯ್ಯುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಹುಟ್ಟಿದ್ದೂ ಮದುವೆಯಾದದ್ದೂ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲೇ. ಮೇಷ್ಟ್ರು ಬರುವ ಹಿಂದಿನ ವರ್ಷ ಪಿಕ್ಕಿಂಗಿಗೆ ಹೋಗುವಾಗ, ಬೆಳಗಿನ ಮಂಜಿನಲ್ಲಿ, ಕೆಳಗಿನ ದಾರಿಯಲ್ಲಿ ಬಂಡೆ ಎಂದುಕೊಂಡು ಆನೆಯ ಪಕ್ಕದಲ್ಲೇ ನಿಂತು ಎಲೆಯಡಿಕೆ ಹಾಕಿಕೊಂಡಳಂತೆ. ಬಂಡೆ ಕಿವಿ ಅಲ್ಲಾಡಿಸಿತು. ಓಡುವಾಗ ತೋಡಿಗೆ ಬಿದ್ದು ಕೈ ಮುರಿಯಿತು. ಅಂದಿನಿಂದ ಹೆಂಗಸರೆಲ್ಲ ಕೆಳಗಿನ ದಾರಿಗೆ ಇಳಿಯುವುದಿಲ್ಲ ಎಂದರು. ಒಳ್ಳೆಯ ಕಾಫಿ ಇರುವುದು ಕೆಳಗಿನ ಬ್ಲಾಕಿನಲ್ಲಿ. ಆ ವರ್ಷ ಹಣ್ಣೆಲ್ಲ ಗಿಡದಲ್ಲೇ ಒಣಗಿ ಉದುರಿತು. ಓನರ್ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈಲಿ ಹೇಳಿ ಕಳಿಸಿದರು: ಈ ಸಲ ಹುತ್ತರಿ ಹಬ್ಬ ಕಳೆದ ಮಾರನೆ ದಿನ ಇವರು ಕೆಳಗೆ ಇಳಿಯದಿದ್ದರೆ ಹೊರಗಿನ ಗುಂಪನ್ನು ತರಿಸುತ್ತೇನೆ, ಲೈನ್ ಮನೆಯೂ ಅವರಿಗೇ. ಲೈನ್ ಮನೆ ಕೆಲಸದ ಜೊತೆ ಬರುವುದು. ಕೆಲಸ ಹೋದರೆ ಮನೆಯೂ ಹೋಯಿತು. ಹಾಗಾಗಿ ಮೇಷ್ಟ್ರ ಸೈರನ್ ಕೂಗಲೇಬೇಕಿತ್ತು. ಕೂಗದಿದ್ದರೆ ಸೆಲ್ವಿ ಮತ್ತು ಅವಳ ಹೆಂಗಸರು ಪಾತ್ರೆ ಪಡಗ ಕಟ್ಟಬೇಕಿತ್ತು. ಅವರು ಹೋದರೆ ನನ್ನ ರೊಟ್ಟಿ ತಿನ್ನುವವರೂ ಇಲ್ಲ.

ಇಷ್ಟು ದೊಡ್ಡ ಕೆಲಸ ಹೊತ್ತು ಬಂದ ಮನುಷ್ಯ ಒಂದು ರೊಟ್ಟಿ ತಿನ್ನಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ನೋಡಿದ ದಿನವೇ ನನಗೆ ಧೈರ್ಯ ಹೋಯಿತು. ಅವರ ಬಾಯಲ್ಲಿ ಪ್ರತಿಯೊಂದೂ "ಒಂದು ಮಾತು ಕೇಳ್ಲಾ?" ಎಂದೇ ಶುರುವಾಗುತ್ತಿತ್ತು. ಬೇಡ ಎಂದರೂ ಕೇಳುತ್ತಿದ್ದರು. ತಟ್ಟೆಗೆ ರೊಟ್ಟಿ ಬಿದ್ದರೆ ಅಕ್ಕಿ ಯಾವುದು, ಹೆಂಚು ಯಾವುದು, ಹೆಂಚಿಗೆ ಸವರಿದ ಎಣ್ಣೆ ಯಾವುದು. ಚಟ್ನಿಗೆ ಬೇರೆ ವಿಚಾರಣೆ. ಎರಡನೇ ರೊಟ್ಟಿ ಹಾಕಿದರೆ ಮತ್ತೆ ಮೊದಲಿನಿಂದ. ಅದೇ ಹೆಂಚು, ಈಗ ತಾನೇ ಹೇಳಿದೆನಲ್ಲ ಎಂದರೆ, "ಅದು ಆ ರೊಟ್ಟಿಗೆ ಹೇಳಿದ್ದು ಅಕ್ಕಯ್ಯ" ಎನ್ನುತ್ತಿದ್ದರು. ಕೊನೆಗೆ ನಾನು ಅವರಿಗೆಂದೇ ಬೇರೆ ಹೆಂಚು ಇಟ್ಟು, ಗುರುತಿಗೆ ಅದರ ಹಿಡಿಗೆ ವಿಭೂತಿ ಹಚ್ಚಿದೆ. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಆಮೇಲೆ ಈ ವಿಭೂತಿ ಎಲ್ಲಿಂದ ತಂದಿದ್ದು ಎಂದು ಕೇಳಿದರು.

ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಚೀಲ ತುಂಬಿಕೊಳ್ಳುವುದನ್ನು ನೋಡಬೇಕಿತ್ತು. ಒಂದೊಂದೇ ಸ್ಕ್ರೂಡ್ರೈವರ್ ಎತ್ತಿ, ಬೆಳಕಿಗೆ ಹಿಡಿದು, ಇದು ಯಾವುದು ಎಂದು ತಮ್ಮನ್ನೇ ಕೇಳಿಕೊಂಡು, ಉತ್ತರ ಬಂದ ಮೇಲೆ ಒಳಗೆ ಹಾಕುವರು. ತುಂಬಿ ಮುಗಿಸುವಾಗ ಕಾಫಿ ತಣ್ಣಗಾಗಿರುತ್ತಿತ್ತು. ತಣ್ಣಗಿದೆ ಎಂದು ಬೇರೆ ಹೇಳುವರು.

ಸಂಜೆ ಅವರ ಹೆಂಡತಿ ಫೋನು ಮಾಡುತ್ತಿದ್ದರು. ಆ ತಾಯಿ ಊಟ ಆಯಿತಾ ಎಂದು ಮಾತ್ರ ಕೇಳುವುದು, ಇವರು ಊಟದ ಚರಿತ್ರೆಯನ್ನೇ ಹೇಳುವುದು. ಒಂದು ದಿನ ಆ ಹೆಂಗಸು ಫೋನು ನನ್ನ ಕೈಗೆ ಕೊಡಿಸಿದರು. "ಅವರು ಕೇಳೋದಕ್ಕೆಲ್ಲ ಉತ್ತರ ಕೊಡಬ್ಯಾಡಿ ಅಕ್ಕಯ್ಯ, ಅಭ್ಯಾಸ ಆಗೋಯ್ತದೆ" ಎಂದರು. ಅಷ್ಟರಲ್ಲಿ ಅಭ್ಯಾಸ ಆಗಿಹೋಗಿತ್ತು.

ಮಳೆ ಕಡಿಮೆಯಾದ ಮೇಲೆ ಮೇಷ್ಟ್ರು ಕೆಳಗಿನ ದಾರಿಯ ಉದ್ದಕ್ಕೂ ಕಬ್ಬಿಣದ ಗೂಟ ಹುಗಿಸಿದರು. ನೆಲ ನಡುಗಿದರೆ ಗೂಟಕ್ಕೆ ಗೊತ್ತಾಗುತ್ತದಂತೆ. ಗೂಟಗಳಿಂದ ವಯರು ನನ್ನ ಹಿಂದಿನ ರೂಮಿಗೆ. ಅಲ್ಲಿ ಇಸ್ಪೀಟು ಕಟ್ಟಿನಷ್ಟು ದೊಡ್ಡ ಒಂದು ಕಂಪ್ಯೂಟರ್. ಅದು ನಡುಕವನ್ನೆಲ್ಲ ಅಂಕಿ ಮಾಡಿ, ಆ ಅಂಕಿಗಳನ್ನು ಒತ್ತಿ ಒತ್ತಿ ಸಣ್ಣ ಗಂಟು ಕಟ್ಟಿ, ರೇಡಿಯೋದಲ್ಲಿ ಎಸೆಯಬೇಕು. ಲೈನ್ ಮನೆಗಳ ಹತ್ತಿರ ಒಂದು ಕಂಬ, ನನ್ನ ಹೋಟೆಲಿನ ಪಕ್ಕ ಒಂದು, ಕೆಳಗಿನ ದಾರಿಯ ಬಾಯಲ್ಲಿ ಒಂದು. ಕಂಬದ ಪೆಟ್ಟಿಗೆ ಆ ಗಂಟನ್ನು ಹಿಡಿದು, ಬಿಚ್ಚಿ ನೋಡಿ, ಅಂಕಿ ದೊಡ್ಡದಿದ್ದರೆ ಸೈರನ್ ಕೂಗಿಸುತ್ತದೆ. ಗಂಟು ಯಾಕೆ ಕಟ್ಟಬೇಕು, ಹಾಗೇ ಎಸೆಯಬಾರದೇ ಎಂದು ನಾನೇ ಕೇಳಿದೆ. ಆ ರೋಗ ನನಗೂ ಹತ್ತಿತ್ತು. ರೇಡಿಯೋದ ಬಾಯಿ ಸಣ್ಣದಂತೆ. ತುತ್ತು ಚಿಕ್ಕದಾಗಿ ಕಟ್ಟಿದರೆ ಮಾತ್ರ ನುಂಗುತ್ತದಂತೆ.

ಮೊದಲ ಪರೀಕ್ಷೆ ಒಂದು ಸಂಜೆ ಆಯಿತು. ಫಾರೆಸ್ಟಿನ ವಾಚರ್ ಫೋನು ಮಾಡಿ, ಒಂದು ಆನೆ ನಿಮ್ಮ ಕಡೆ ದಾಟಿದೆ ಎಂದ. ಓನರ್ ಜೀಪಿನಲ್ಲಿ ಬಂದರು, ರೈಟರ್ ಬಂದರು, ಸೆಲ್ವಿಯ ಗುಂಪು ಬಂತು. ಎಲ್ಲರೂ ನನ್ನ ಗೇಟಿನ ಒಳಗೆ ನಿಂತು ಕೆಳಗೆ ನೋಡುತ್ತಿದ್ದೆವು. ಆನೆ ಗೂಟಗಳ ಸಾಲಿನ ಮೇಲೆಯೇ ನಡೆದು ದಾರಿಯ ಬಾಯಿಗೆ ಬಂತು. ಸೈರನ್ ಸುಮ್ಮನಿತ್ತು. ಆನೆ ಒಂದು ಬಾಳೆಗಿಡ ಕಿತ್ತು ತಿಂದಿತು. ಸೈರನ್ ಕಂಬಕ್ಕೇ ಬೆನ್ನು ಉಜ್ಜಿತು. ಲದ್ದಿ ಹಾಕಿತು. ಅವಸರವಿಲ್ಲದೆ ಕಾಡಿನ ಕಡೆ ಇಳಿದು ಹೋಯಿತು. ನಾನು ಒಳಗೆ ಹೋಗಿ ಎಲ್ಲರಿಗೂ ಕಾಫಿ ಕಾಸಿ ತಂದೆ. ಕುಡಿದು ಲೋಟ ಕೆಳಗಿಟ್ಟ ಮೇಲೆ ಸೈರನ್ ಕೂಗಿತು. ಏನು ಕೂಗು ಅದು! ಮೂರ್ನಾಡಿನವರೆಗೂ ನಾಯಿಗಳು ಬೊಗಳಿದವು.

ಸೆಲ್ವಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾರ್, ಇದು ಆನೆಗೆ ಟಾಟಾ ಹೇಳೋ ಸೈರನ್ನಾ?" ಎಂದಳು.

ಹೆಂಗಸರು ನಕ್ಕು ನಕ್ಕು ಬೆಂಚು ಬೀಳಿಸಿದರು. ಓನರ್ ನಗಲಿಲ್ಲ. ಹುತ್ತರಿ ದೂರವಿಲ್ಲ ಎಂದು ಮಾತ್ರ ಹೇಳಿ ಜೀಪು ಹತ್ತಿದರು. ಮೇಷ್ಟ್ರಿಗೆ ನಾಚಿಕೆಯೂ ಆಗಲಿಲ್ಲ, ಕೋಪವೂ ಬರಲಿಲ್ಲ. ಹೋಗಿ ಲದ್ದಿ ಇನ್ನೂ ಬಿಸಿ ಇದೆಯೇ ಎಂದು ಮುಟ್ಟಿ ನೋಡಿದರು. ಎಷ್ಟು ತಡವಾಯಿತೆಂದು ಲೆಕ್ಕ ಹಾಕಲಂತೆ. ಕೈ ತೊಳೆಯದೆ ಒಳಗೆ ಬರಬೇಡಿ ಎಂದೆ.

ಎರಡು ದಿನ ರೂಮಿನಲ್ಲಿ ಕೂತು ಹುಡುಕಿ, ಗೂಟ ಸರಿ, ವಯರು ಸರಿ, ರೇಡಿಯೋ ಸರಿ, ಗಂಟು ಕಟ್ಟುವುದೇ ನಿಧಾನ ಎಂದು ಕಂಡುಹಿಡಿದರು. ರೊಟ್ಟಿ ಬೇಯುವುದನ್ನು ಕಾಯುತ್ತಾ ನನಗೆ ಬಿಡಿಸಿ ಹೇಳಿದರು. ನಾನು ಕೇಳಿರಲಿಲ್ಲ.

"ನಿಮ್ಮ ಕಡೆ ಮದುವೇಲಿ ಬಾಗಿಲ ಹತ್ರ ಒಬ್ಬ ಹಿರಿಯ ನಿಂತಿರ್ತಾನಲ್ಲ ಅಕ್ಕಯ್ಯ, ಬಂದೋರ್ನೆಲ್ಲ ನೀವು ಯಾವ ಮನೆ, ಯಾರ ಮಗ, ತಾಯಿ ಕಡೆ ಯಾರು ಅಂತ ಕೇಳ್ಕೊಂಡು? ನನ್ನ ಪ್ರೋಗ್ರಾಮು ಅಂಗೇ. ಒಂದೊಂದು ಅಂಕೀನೂ ಬಾಗ್ಲಲ್ಲಿ ನಿಲ್ಲಿಸ್ಕೊಂಡು, ನೀನ್ಯಾರು, ಎಷ್ಟುದ್ದ, ಯಾವ ಮನೆ ಅಂತ ಕೇಳ್ತದೆ. ಎಲ್ಲಾ ಒಂದೇ ಮನೇವು. ಆದ್ರೂ ಕೇಳ್ತದೆ. ಸೆಕೆಂಡಿಗೆ ಸಾವಿರಾರು ನೆಂಟರು ಬತ್ತಾರೆ. ಇವರನ್ನ ಊಟಕ್ಕೆ ಕೂರ್ಸೋದ್ರೊಳಗೆ ಆನೆ ಊಟ ಮುಗಿಸ್ಕೊಂಡು ಹೋಗಿರ್ತದೆ."

ಅದು ನಿಜ. ನಮ್ಮಲ್ಲಿ ಯಾವ ಮನೆಯವರು ಎಂದು ಕೇಳದೆ ಒಂದು ಲೋಟ ನೀರು ಕೂಡ ಕೊಡುವುದಿಲ್ಲ. ಮನೆ ಹೆಸರು ಹೇಳಿದ ಮೇಲೆ ಅದರಲ್ಲಿ ಯಾವ ಕವಲು ಎಂಬುದು ಬರುತ್ತದೆ. ನನ್ನ ಮದುವೆಯಲ್ಲಿ ಹಾಗೆ ಕೇಳಿ ಕೇಳಿ, ಗಂಡಿನ ಕಡೆಯವರು ಒಳಗೆ ಬರುವಾಗ ಅನ್ನ ಆರಿಹೋಗಿತ್ತು.

"ಅದು ನಿಮ್ಮ ಹಾಗೇ ಆಯ್ತಲ್ಲ ಮೇಷ್ಟ್ರೇ" ಎಂದೆ.

"ಬರೆದೋನು ನಾನೇ ಅಲ್ವಾ" ಎಂದರು.

ಆ ಪ್ರೋಗ್ರಾಮು ಬರೆದ ಭಾಷೆಗೆ ಹೆಬ್ಬಾವಿನ ಹೆಸರಂತೆ, ಪೈಥಾನ್. ಹೆಬ್ಬಾವು ನಮ್ಮ ತೋಟದಲ್ಲೂ ಇದೆ. ಅದೂ ಒಂದು ಕೋಳಿ ನುಂಗಿದರೆ ಮತ್ತೆ ಅಲ್ಲಾಡುವುದು ಸಂಜೆಗೇ. ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಫೋನಿನಲ್ಲಿ ಉಪಾಯ ಹೇಳಿದ. ಪ್ರೋಗ್ರಾಮು ಎಲ್ಲಾ ಹಾಗೇ ಇರಲಿ, ಗಂಟು ಕಟ್ಟುವ ಒಂದು ತುಂಡನ್ನು ಮಾತ್ರ ತೆಗೆದು ಸಿ ಎಂಬ ಬೇರೆ ಭಾಷೆಯಲ್ಲಿ ಬರೆಯಿರಿ, ಅದನ್ನು ಮೊದಲೇ ಕಂಪೈಲ್ ಮಾಡಿಡಿ ಎಂದ. ಕಂಪೈಲ್ ಎಂದರೆ ಕಂಪ್ಯೂಟರಿನ ಸ್ವಂತ ಮಾತಿಗೆ ಒಂದೇ ಸಲಕ್ಕೆ ತಿರುಗಿಸಿ ಇಟ್ಟುಬಿಡುವುದು. ಆಮೇಲೆ ಓದುವುದಿಲ್ಲ, ಕೇಳುವುದಿಲ್ಲ, ನೆಂಟರನ್ನು ಸಾಲಾಗಿ ತಳ್ಳಿ ಕೂರಿಸುತ್ತಾ ಹೋಗುವುದು.

ಮೇಷ್ಟ್ರು ಒಪ್ಪಲಿಲ್ಲ. ಹೆಬ್ಬಾವಿನದು ನಿಧಾನವಾದರೂ ತಪ್ಪು ಮಾಡಿದರೆ ಇಲ್ಲಿ ತಪ್ಪಿದೆ ಎಂದು ಹೇಳುತ್ತದಂತೆ. ಸಿ ಹಾಗಲ್ಲ, ಬಾಯಿ ಬಿಡದ ಆಳಿನ ಹಾಗೆ, ತಪ್ಪು ಹೇಳಿದರೂ ಮಾಡಿ ಮುಗಿಸಿ ಸುಮ್ಮನೆ ನಿಲ್ಲುತ್ತದಂತೆ. ಕೇಳದೆ ಕೆಲಸ ಮಾಡುವುದು ಅವರಿಗೆ ಆಗಿಬರುವುದಿಲ್ಲ. ಶಿಷ್ಯನ ಜೊತೆ ಫೋನಿನಲ್ಲೇ ಜಗಳ ಆಡಿದರು. ಆದರೆ ಆ ಸಂಜೆ ಸೆಲ್ವಿ ಹೋಟೆಲಿಗೆ ಬಂದು, ನಗದೆ, ಲೈನ್ ಮನೆ ಬಿಡಬೇಕಾದರೆ ಸಾಮಾನು ಇಡಲು ನಿಮ್ಮ ಹಿಂದೆ ಸ್ವಲ್ಪ ಜಾಗ ಸಿಗುತ್ತದಾ ಅಕ್ಕಾ ಎಂದು ನನ್ನನ್ನು ಕೇಳಿದಳು. ಮೇಷ್ಟ್ರು ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡರು.

ಸಿ ಬರೆಯುವ ಆ ದಿನಗಳಲ್ಲಿ ಮೇಷ್ಟ್ರು ಬೇರೆಯೇ ಮನುಷ್ಯರಾದರು. ತಟ್ಟೆಯಲ್ಲಿ ಏನು ಹಾಕಿದರೂ ತಿಂದರು. ಅಕ್ಕಿ ಯಾವುದೆನ್ನಲಿಲ್ಲ, ಎಣ್ಣೆ ಯಾವುದೆನ್ನಲಿಲ್ಲ. ಒಣಮೀನು ಚಟ್ನಿ ಹಾಕಿದ್ದರೂ ತಿನ್ನುತ್ತಿದ್ದರು. ಹಾಕಲಿಲ್ಲ. ಅಷ್ಟು ಕೆಟ್ಟವಳಲ್ಲ ನಾನು. ಆದರೆ ಯಾರೂ ಏನೂ ಕೇಳದೆ ತಿಂದು ಹೋಗುವುದು ನನಗೇ ಒಂಥರಾ ಆಯಿತು. ಒಂದು ಬೆಳಗ್ಗೆ ತಡೆಯಲಾರದೆ, ಇವತ್ತು ಹೊಸ ಅಕ್ಕಿ ಎಂದು ನಾನೇ ಹೇಳಿದೆ. ಅವರು ತಲೆ ಎತ್ತಲಿಲ್ಲ.

ಹುತ್ತರಿಗೆ ಸ್ವಲ್ಪ ಮೊದಲು ಬಾಗಿಲು ತೆಗೆದು, ಆಯಿತು ಎಂದರು. ಅದೇ ಸಂಜೆ ಒಂದು ಹೆಣ್ಣಾನೆ ಮರಿಯ ಜೊತೆ ಬಂತು. ಅದು ಇನ್ನೂ ಕಾಡಿನ ಕಡೆಯ ಗೂಟದ ಹತ್ತಿರ ಇರುವಾಗಲೇ ಸೈರನ್ ಕೂಗಿಬಿಟ್ಟಿತು. ಆನೆ ದಾರಿಗೆ ಕಾಲಿಡದೆ ತಿರುಗಿ ಹೋಯಿತು. ಸೆಲ್ವಿ ಮುರಿದು ಕೂಡಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಹುತ್ತರಿ ಕಳೆದ ಮಾರನೆ ದಿನ ಇಳಿಯುತ್ತೇವೆ ಎಂದು ಹೆಂಗಸರು ರೈಟರ್‌ಗೆ ಹೇಳಿ ಕಳಿಸಿದರು. ಹುತ್ತರಿಗೆ ನಾನು ತಂಬಿಟ್ಟು ಮಾಡಿ ಕೊಟ್ಟಾಗ ಮೇಷ್ಟ್ರು ಬಾಳೆಹಣ್ಣು ಯಾವ ಜಾತಿ, ಎಳ್ಳು ಎಷ್ಟು ಹುರಿದಿದ್ದು ಎಂದು ಕೇಳಿದರು. ಸರಿಹೋದರು ಎಂದುಕೊಂಡೆ.

ಹುತ್ತರಿ ಕಳೆದ ಮಾರನೆ ಬೆಳಗ್ಗೆ ಬೆಳಕು ಹರಿಯುವಾಗ ಒಲೆ ಹಚ್ಚಿ, ಮೊದಲ ರೊಟ್ಟಿ ತಟ್ಟುತ್ತಿದ್ದೆ. ಹೊರಗಿನ ಕಂಬಕ್ಕೆ ಒಂದು ಬಾಳೆಗೊನೆ ಕಟ್ಟಿತ್ತು. ಯಾರೋ ಗೊನೆ ಎಳೆಯುತ್ತಿದ್ದಾರೆ ಅನಿಸಿತು. ಕಳ್ಳ ಎಂದು ಸೌಟು ಹಿಡಿದು ಹೊರಗೆ ಬಂದೆ. ಕಳ್ಳನಿಗೆ ಕೊಂಬಿತ್ತು. ಅಷ್ಟು ದೊಡ್ಡ ಗಂಡಾನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ತಗಡು ಅದರ ಹೊಟ್ಟೆಯ ಮಟ್ಟಕ್ಕಿತ್ತು. ಗೂಟಗಳನ್ನೆಲ್ಲ ತುಳಿದುಕೊಂಡೇ ಮೇಲೆ ಬಂದಿದೆ, ಸೈರನ್ ಉಸಿರೆತ್ತಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಲುಂಗಿ ಉಟ್ಟು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು, ಹಿಂದಿನಿಂದ ಬಂದರು. ಆನೆಯನ್ನು ನೋಡಿದರು. ಆಮೇಲೆ ಆನೆಯನ್ನು ಬಿಟ್ಟು ಸೈರನ್ ಕಂಬವನ್ನು ನೋಡುತ್ತಾ ನಿಂತರು. ಬ್ರಷ್ಷು ತೆಗೆದು, ಮೆಲ್ಲಗೆ, "ಇದ್ಯಾಕೆ ಕೂಗ್ತಿಲ್ಲ?" ಎಂದರು. ನನ್ನನ್ನೋ ಆನೆಯನ್ನೋ ಗೊತ್ತಾಗಲಿಲ್ಲ. ಆನೆ ಕೂಡ ಬಾಯಾಡಿಸುವುದು ನಿಲ್ಲಿಸಿ ಕಂಬದ ಕಡೆ ನೋಡಿತು. ನಾನು ಅವರ ಬನಿಯನ್ನು ಹಿಡಿದು ಒಳಗೆ ಎಳೆದೆ. ಬನಿಯನ್ನು ಹರಿಯಿತು.

ಸೆಲ್ವಿಯ ಗುಂಪು ಲೈನಿನಿಂದ ಹೊರಟು ಬರುವ ಹೊತ್ತು ಅದು. ಸೈರನ್ ಕೂಗಿಲ್ಲ, ದಾರಿ ಖಾಲಿ ಎಂದುಕೊಂಡೇ ಬರುತ್ತಾರೆ. ನಾನು ಅನ್ನದ ದೊಡ್ಡ ಡಬರಿ ಬೋರಲು ಹಾಕಿ 'ಆನೆ, ಆನೆ' ಎಂದು ಕಿರುಚುತ್ತಾ ಸೌಟಿನಿಂದ ಬಡಿದೆ. ಮೇಷ್ಟ್ರು ಎಲ್ಲಿಂದಲೋ ಎರಡು ಮುಚ್ಚಳ ಹುಡುಕಿ ತಾವೂ ಬಡಿದರು. ಹೆಂಗಸರು ಕೇಳಿಸಿಕೊಂಡು ಓಡಿ ಹಿಂದೆ ಹೋದರು. ಆನೆ ಗೊನೆ ಸೊಂಡಿಲಲ್ಲಿ ಹಿಡಿದುಕೊಂಡು ತನ್ನ ಪಾಡಿಗೆ ಇಳಿಯಿತು.

ಬಿಸಿಲೇರುವ ಹೊತ್ತಿಗೆ ಎಲ್ಲರೂ ನನ್ನ ಹೋಟೆಲಿನಲ್ಲಿದ್ದರು. ಹೆಂಗಸರು ಇನ್ನು ಇಳಿಯುವುದಿಲ್ಲ ಎಂದರು. ರೈಟರ್ ಓನರ್‌ಗೆ ಫೋನು ಮಾಡಿದರು. ನಾಳೆ ಬೆಳಗ್ಗೆಯವರೆಗೆ ನೋಡುತ್ತೇನೆ, ಆಮೇಲೆ ಹೊರಗಿನ ಗುಂಪಿಗೆ ಹೇಳುತ್ತೇನೆ ಎಂದರಂತೆ. ಮೇಷ್ಟ್ರು ಹರಿದ ಬನಿಯನ್ನಿನಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ನಾನು ಕಾಫಿ ಕೊಡಲು ಹೋದಾಗ ಒಬ್ಬರೇ ನಗುತ್ತಿದ್ದರು. ಹುಚ್ಚು ಹಿಡಿಯಿತು ಅಂದುಕೊಂಡೆ.

"ಹಳೇ ಜೀಪಿನ ಮೀಟರು ಎಲ್ಲಾ ಒಂಬತ್ತು ಆದ್ಮೇಲೆ ಸೊನ್ನೆಗೆ ತಿರುಗ್ತದಲ್ಲ ಅಕ್ಕಯ್ಯ? ಅದೇ ಆಗಿರೋದು. ಒಂದೊಂದು ಅಂಕಿಗೆ ನಾನು ಇಟ್ಟಿರೋ ಜಾಗ ಸಣ್ಣದು. ಮಾಮೂಲಿ ಆನೆ ಹಿಡೀತದೆ. ಈ ನನ್ಮಗ ಜಾಗ ಮೀರಿದ. ಅಂಕಿ ತಿರುಗಿ ಸೊನ್ನೆ ಹತ್ರ ಬಂದು ಕೂತ್ಕೊಂತು. ಕಂಬಕ್ಕೆ ಯಾವ್ದೋ ಬೆಕ್ಕು ನಡ್ಕೊಂಡು ಹೋಯ್ತು ಅಂತ ಗೊತ್ತಾಯ್ತು, ಅಷ್ಟೇ." ಕಾಫಿ ಲೋಟ ತೆಗೆದುಕೊಂಡರು. "ಎಲ್ಲಾರ್ನೂ ಕೇಳಬಾರದು ಅಂತ ಹೊರಟು ಯಾರನ್ನೂ ಕೇಳ್ದೆ ಬಿಟ್ಟೆ. ಒಂದೇ ಒಂದು ಕೇಳ್ಬೇಕಿತ್ತು, ನೀನು ಈ ಜಾಗದಲ್ಲಿ ಹಿಡೀತೀಯಾ ಅಂತ. ಹಿಡೀದಿದ್ರೆ ಭರ್ತಿ ಅಂತ ಬರೆದು ಮುಂದಕ್ಕೆ ಬಿಟ್ರೆ ಆಯ್ತು."

ಮಧ್ಯಾಹ್ನದೊಳಗೆ ಆ ಒಂದು ಪ್ರಶ್ನೆ ಸೇರಿಸಿ, ಮತ್ತೆ ಕಂಪೈಲ್ ಮಾಡಿ ಮುಗಿಸಿದರು. ಆದರೆ ಪರೀಕ್ಷೆ ಮಾಡುವುದು ಹೇಗೆ? ಆ ಗಂಡಾನೆಯನ್ನು ಕರೆದು ತರುವವರಿಲ್ಲ. ಗೂಟದ ಪಕ್ಕ ಎಸ್ಟೇಟಿನ ಜೀಪು ಓಡಿಸಿ ನೋಡಿದರು, ಅಂಕಿ ಅಷ್ಟು ದೊಡ್ಡದಾಗಲಿಲ್ಲ. ಆಗ ಮೇಷ್ಟ್ರು ಸೆಲ್ವಿಯ ಮುಂದೆ ನಿಂತು, "ಒಂದು ಮಾತು ಕೇಳ್ಲಾ ಸೆಲ್ವಮ್ಮ? ನೀವೆಲ್ಲಾ ಒಟ್ಟಿಗೆ ಗೂಟದ ಹತ್ರ ನೆಗೆದ್ರೆ ಹೆಂಗೆ?" ಎಂದರು.

ಹೆಂಗಸರಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಹೊತ್ತು ನೆತ್ತಿಯ ಮೇಲಿತ್ತು, ಆನೆ ಬರುವ ಸಮಯವಲ್ಲ. ಗೇಟಿನ ಹತ್ತಿರದ ಗೂಟದ ಸುತ್ತ ಒಬ್ಬರಿಗೊಬ್ಬರು ಅಂಟಿಕೊಂಡು, ಸೀರೆ ಎತ್ತಿ ಕಟ್ಟಿ ನಿಂತರು. ಮೇಷ್ಟ್ರು ಒಂದು ಎರಡು ಮೂರು ಎಂದರು. ಮೊದಲ ಸಲ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನೆಗೆದರು. ಸೆಲ್ವಿ ಬೈದಳು. ಎರಡನೇ ಸಲ ಎಲ್ಲರೂ ಒಟ್ಟಿಗೆ ಬಿದ್ದರು. ಕಾಲು ನೆಲ ಮುಟ್ಟಿತೋ ಇಲ್ಲವೋ, ಮೂರು ಕಂಬವೂ ಕೂಗಿಕೊಂಡವು. ದಾರಿಯಲ್ಲಿ ಬರುತ್ತಿದ್ದ ರೈಟರ್ ಸೈಕಲ್ಲು ಬಿಟ್ಟು ಓಡಿದರು.

ಮೇಷ್ಟ್ರು ಫೋನಿನಲ್ಲಿ ಅಂಕಿ ನೋಡಿ, ಭರ್ತಿ ಎಂದು ಬಂದಿದೆ, ಆ ಆನೆಗಿಂತ ನೀವೇ ಜೋರು ಎಂದರು. ಆನೆ ಬೆಳಗ್ಗೆ ಬರೀ ಬಾಳೆಹಣ್ಣು ತಿಂದಿತ್ತು, ನಾವು ಅಕ್ಕನ ರೊಟ್ಟಿ ತಿಂದವರು ಎಂದಳು ಸೆಲ್ವಿ. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಸರಿ ಸಾರ್. ನಾಳೆ ಇಳೀತೀವಿ. ಆದ್ರೆ ಮುಂದೆ ನೀವು ನಡೀಬೇಕು."

ಮೇಷ್ಟ್ರು ಜೀವನದಲ್ಲಿ ಮೊದಲ ಸಲ ತಿರುಗಿ ಏನೂ ಕೇಳದೆ, ಆಗಲಿ ಎಂದರು.

ಮರುದಿನ ಮಂಜು ಎಷ್ಟಿತ್ತೆಂದರೆ ನನ್ನ ಗೇಟು ನನಗೇ ಕಾಣುತ್ತಿರಲಿಲ್ಲ. ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ ಮುಂದೆ ಹೊರಟರು. ಹಿಂದೆ ಸೆಲ್ವಿ, ಅವಳ ಹಿಂದೆ ಉಳಿದವರು. ನಾನು ಹೋಗಲಿಲ್ಲ. ನನಗೇನು ತಲೆ ಕೆಟ್ಟಿತ್ತಾ? ಆದರೆ ಒಲೆಯ ಮೇಲೆ ರೊಟ್ಟಿ ಹಾಕಿ ತಿರುಗಿಸಲು ಮರೆತೆ, ಎರಡು ಸುಟ್ಟವು. ಮೂರನೆಯದು ಹಾಕುವಾಗ ಸೈರನ್ ಕೂಗಿತು.

ಅಲ್ಲಿ ಆದದ್ದನ್ನು ಸೆಲ್ವಿ ಹೇಳಿದ್ದು. ಅರ್ಧ ದಾರಿ ಹೋಗಿದ್ದರಂತೆ. ಕೂಗು ಕೇಳಿದ ಕೂಡಲೇ ಎಲ್ಲರೂ ಪಕ್ಕದ ದಿಬ್ಬ ಹತ್ತಿ ಗಿಡಗಳ ಹಿಂದೆ ಕೂತರು. ಮೇಷ್ಟ್ರು ಹತ್ತಲಾರದೆ ಜಾರಿದಾಗ ಸೆಲ್ವಿ ಕೊರಳಪಟ್ಟಿ ಹಿಡಿದು ಎಳೆದಳು. ಏನೂ ಬರಲಿಲ್ಲ. ಸುಳ್ಳು ಕೂಗು ಎಂದು ಒಬ್ಬಳು ಬೈಯಲು ಶುರು ಮಾಡಿದಳು. ಆಗ ಮಂಜಿನೊಳಗಿಂದ ಅದೇ ಗಂಡಾನೆ ಹೊರಗೆ ಬಂತು. ಅವರು ನಿಂತಿದ್ದ ಜಾಗದಲ್ಲೇ ನಿಂತು ನೆಲ ಮೂಸಿತು. ಸೈರನ್ನಿಗೆ ಕಿವಿ ಬಡಿದು, ದಾರಿ ದಾಟಿ, ಕೆಳಗೆ ಇಳಿದು ಹೋಯಿತು. ಮೇಷ್ಟ್ರ ಹಲ್ಲು ಕಟಕಟ ಅನ್ನುತ್ತಿತ್ತು. ಆ ಹಲ್ಲುಗಳ ನಡುವಿನಿಂದಲೇ, "ಒಂದು ಮಾತು ಕೇಳ್ಲಾ?" ಎಂದರಂತೆ.

"ಈಗ ಬೇಡ ಸಾರ್" ಎಂದಳಂತೆ ಸೆಲ್ವಿ.

ಸೈರನ್ ನಿಂತ ಮೇಲೆ ಎದ್ದು ಕೆಳಗೆ ಹೋಗಿ ಕಾಫಿ ಕೊಯ್ದರು. ಲೈನ್ ಮನೆ ಉಳಿಯಿತು.

ಪಿಕ್ಕಿಂಗ್ ಮುಗಿದ ಮೇಲೆ ಮೇಷ್ಟ್ರು ರೂಮು ಬಿಟ್ಟರು. ಕಂಪ್ಯೂಟರ್ ಅಲ್ಲೇ ಇತ್ತು. ಆಗಾಗ ಬಸ್ಸಿನಲ್ಲಿ ಬಂದು ಅದನ್ನು ನೋಡಿ, ಅವರ ಹೆಂಚಿನಲ್ಲಿ ಸುಟ್ಟ ರೊಟ್ಟಿ ತಿಂದು, ನಾಲ್ಕು ಪ್ರಶ್ನೆ ಕೇಳಿ ಹೋಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಇತ್ತು ಎಂದು ಬರೆಯುವುದಿಲ್ಲ. ಅವರು ಬರುವ ದಿನ ಅಕ್ಕಿ ಯಾವುದು ಎಂದು ಅಂಗಡಿಯಲ್ಲಿ ಮೊದಲೇ ಕೇಳಿ ತಿಳಿದುಕೊಂಡಿರುತ್ತಿದ್ದೆ.

ಹೋದ ವರ್ಷ ಪಿಕ್ಕಿಂಗಿನ ನಡುವೆ ಒಂದು ಸಂಜೆ ಅವರ ಮನೆಯವರ ಫೋನು ಬಂತು. "ಅವರು ಹೋದ್ರು ಅಕ್ಕಯ್ಯ. ನಿನ್ನೆನೇ ಮಣ್ಣು ಮಾಡಿದ್ವಿ. ಎದೆ ನೋವು ಅಂತ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಆ ಇಂಜೆಕ್ಷನ್ ಯಾವ್ದು ಅಂತ ಡಾಕ್ಟ್ರನ್ನ ಕೇಳ್ತಿದ್ರು. ಅವರು ಹೇಳೋದ್ರೊಳಗೆ..." ನಾನು ಊಟ ಆಯಿತಾ ಎಂದು ಕೇಳಿದೆ.

ಸೆಲ್ವಿಗೆ ಹೇಳಿದೆ. ಅವಳು ಲೈನಿಗೆ ಹೋಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಹೆಂಗಸರೆಲ್ಲ ಬಂದು ನನ್ನ ಬೆಂಚಿನಲ್ಲಿ ಕೂತರು. ಅತ್ತರು, ಕಾಫಿ ಕುಡಿದರು. ಆಮೇಲೆ ಒಬ್ಬಳು, ನಾಳೆ ಕೆಳಗೆ ಹೋಗುವುದು ಬೇಡ ಎಂದಳು. ಯಾಕೆಂದರೆ ಯಜಮಾನ ಸತ್ತಿದ್ದಾನೆ, ಸೈರನ್ನಿಗೆ ಸೂತಕ, ಅದು ಕೂಗುತ್ತದೋ ಇಲ್ಲವೋ ಯಾರಿಗೆ ಗೊತ್ತು. ಉಳಿದವರೂ ಹೌದು ಹೌದು ಎಂದರು. ನನಗೆ ಆಗ ತಿಳಿಯಿತು. ಇಷ್ಟು ವರ್ಷ ಇವರು ನಂಬಿದ್ದು ಮಿಷನ್ನನ್ನಲ್ಲ, ಮುಂದೆ ನಡೆದ ಆ ಮನುಷ್ಯನನ್ನು. ಮಿಷನ್ನಿಗೆ ಎಂಥ ಸೂತಕ, ಅವರ ಜಾತಿಯಲ್ಲಿ ಮನುಷ್ಯರಿಗೇ ಸೂತಕ ಇಲ್ಲ ಎಂದು ಅವರೇ ನನ್ನ ಹತ್ತಿರ ಹೇಳಿದ್ದರು ಎಂದೆ. ಯಾರೂ ಕೇಳಲಿಲ್ಲ. ಓನರ್ ಮತ್ತೆ ಹೊರಗಿನ ಗುಂಪಿನ ಮಾತು ತೆಗೆಯಲು ಒಂದು ದಿನ ಸಾಕು. ಸೆಲ್ವಿ ನನ್ನ ಮುಖ ನೋಡಿದಳು. "ಮುಂದೆ ಯಾರು ನಡೀತಾರೆ ಅಕ್ಕಾ?" ಎಂದಳು.

ಮಾರನೆ ದಿನ ಬೆಳಗ್ಗೆ ನಾನು ಒಲೆ ಹಚ್ಚಲಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡು, ತಲೆಗೆ ಒಂದು ಟವೆಲ್ಲು ಸುತ್ತಿ, ಕೋಲು ಹಿಡಿದು ಗೇಟಿನ ಹತ್ತಿರ ಹೋದೆ. ಹೆಂಗಸರು ನಿಂತಿದ್ದರು. ನಾನು ಯಾರನ್ನೂ ನೋಡದೆ ಕೆಳಗಿನ ದಾರಿಗೆ ಇಳಿದೆ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಕಾಲಿನ ಸಪ್ಪಳ ಬಂತು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, ಇಷ್ಟು ನಿಧಾನಕ್ಕೆ ನಡೆದರೆ ಹಣ್ಣು ಕೊಯ್ಯುವುದು ಯಾವಾಗ, ಸ್ವಲ್ಪ ಕಾಲು ಎತ್ತಿ ಹಾಕಕ್ಕಾ ಎಂದು ಸೆಲ್ವಿ ಹಿಂದಿನಿಂದ ಬೈದಳು.